1915ರ ಜರ್ಮನ್ "ರೂಪಾಯಿ" ನೋಟು ಸಿಕ್ಕಿದೆ, ದಾರ್ ಎಸ್ ಸಲಾಮ್ ಅಂತ ಇದೆ, ತಿಳಿದವರು ಹೇಳಿ

ಮಲೆನಾಡ_ಸಂಗ್ರಹ:
ಎಲ್ರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯವ್ನು, ಹತ್ತು ವರ್ಷದಿಂದ ನೋಟು ಕೂಡಿಡ್ತಿದೀನಿ, ಆದ್ರೆ ಬರೀ ನಮ್ಮ ಇಂಡಿಯಾದ್ದು, ಐದನೇ ಜಾರ್ಜ್ ಆರನೇ ಜಾರ್ಜ್ ಕಾಲದ್ದು ಅಷ್ಟೇ. ಹೋದ ತಿಂಗಳು ಬೆಂಗಳೂರಲ್ಲಿ ನಾಣ್ಯ ಮೇಳಕ್ಕೆ ಹೋಗಿದ್ದೆ, ಅಲ್ಲಿ ಒಬ್ರ ಟೇಬಲ್ ಮೇಲೆ ಹೊರದೇಶದ ನೋಟುಗಳ ಡಬ್ಬಿ ಇತ್ತು, ಸುಮ್ನೆ ತಿರುವಿ ಹಾಕ್ತಾ ಇದ್ದಾಗ ಒಂದು ಸಣ್ಣ ಒರಟು ಕಾಗದ ಕೈಗೆ ಬಂತು. ರಾಜನ ಚಿತ್ರ ಇಲ್ಲ, ನುಣುಪಿಲ್ಲ, ಮೊದ್ಲು ಯಾವ್ದೋ ಹಳೇ ರಸೀದಿ ಅನ್ಕೊಂಡೆ. ಆಮೇಲೆ ನೋಡಿದ್ರೆ ದೊಡ್ಡ ಅಕ್ಷರದಲ್ಲಿ "ಐನೆ ರೂಪೀ", ಅಂದ್ರೆ ಒಂದು ರೂಪಾಯಿ, ಅಂತ ಇದೆ! ಮೇಲೆ "ಡಾಯ್ಚ್ ಓಸ್ಟ್‌ಆಫ್ರಿಕಾನಿಶೆ ಬ್ಯಾಂಕ್" (ಜರ್ಮನ್ ಪೂರ್ವ ಆಫ್ರಿಕಾ ಬ್ಯಾಂಕ್), ಕೆಳಗೆ ದಾರ್ ಎಸ್ ಸಲಾಮ್/ತಬೋರಾ, 1 ನವೆಂಬರ್ 1915. ಎರಡು ಸಹಿ ಇದೆ, ಎರಡೂ ಪೆನ್ನಲ್ಲಿ ಹಾಕಿದ್ದು, ಇಂಕು ಕಂದು ಬಣ್ಣಕ್ಕೆ ತಿರುಗಿದೆ. 3,200 ಕೊಟ್ಟು ತಗೊಂಡೆ.

ನನ್ನ ಪ್ರಶ್ನೆಗಳು: ಜರ್ಮನಿಯವ್ರು ಆಫ್ರಿಕಾದಲ್ಲಿ ರೂಪಾಯಿ ಯಾಕೆ ಮಾಡಿದ್ರು? ಇದು ಅಸಲಿನಾ ಅಂತ ಮನೇಲೇ ಹೇಗೆ ನೋಡೋದು? ಎಡಗಡೆ ಮೂಲೆಲಿ ಎಣ್ಣೆ ಕಲೆ ಥರ ಇದೆ, ಅದನ್ನ ತೆಗೀಬಹುದಾ? ರಾತ್ರಿಯೆಲ್ಲ ಇದ್ರ ಬಗ್ಗೆನೇ ಯೋಚ್ನೆ ಮಾಡ್ತಿದೀನಿ, ದಯವಿಟ್ಟು ತಿಳಿದವ್ರು ಬರೀರಿ.

ಹುಬ್ಬಳ್ಳಿ_ನೋಟು:
ನಮಸ್ಕಾರ್ರಿ. ಭಾಳ ಚಲೋ ವಸ್ತು ಸಿಕ್ಕೈತಿ ನಿಮಗ. ಮೊದ್ಲನೇ ಪ್ರಶ್ನೆಗೆ ನಾ ಉತ್ತರ ಕೊಡ್ತೀನಿ, ಸ್ವಲ್ಪ ಉದ್ದ ಆಗ್ತೈತಿ.

ಜರ್ಮನಿಯವ್ರು ಪೂರ್ವ ಆಫ್ರಿಕಾದ ಆ ಕರಾವಳಿಗೆ, ಈಗಿನ ತಾಂಜಾನಿಯಾ ಕಡೆ, ಹೋಗೂಕಿಂತ ಮೊದ್ಲ ಅಲ್ಲಿ ನಮ್ಮ ರೂಪಾಯಿನ ಓಡ್ತಿತ್ತು. ಜಂಜಿಬಾರ್, ಮೊಂಬಾಸಾ, ಬಾಗಮೊಯೊ ಎಲ್ಲಾ ಕಡೆ ಗುಜರಾತ್ ಕಛ್ ಕಡೆ ವ್ಯಾಪಾರಸ್ಥರು ಇದ್ರು, ಅವರ ಕೈಯಾಗ ಬೆಳ್ಳಿ ರೂಪಾಯಿ, ಅದರ ಜೊತಿ ಮರಿಯಾ ಥೆರೆಸಾ ಥಾಲರ್ ಅನ್ನೂ ಬೆಳ್ಳಿ ನಾಣ್ಯ. ಜರ್ಮನ್ ಕಂಪನಿ 1890ರಾಗ ತನ್ನ ನಾಣ್ಯ ಮಾಡಿಸಬೇಕಂದಾಗ ಮಾರ್ಕ್ ಅಂದ್ರ ಯಾರೂ ಮುಟ್ಟಂಗಿಲ್ಲ ಅಂತ ಗೊತ್ತಿತ್ತು, ಅದಕ್ಕ ನಮ್ಮ ರೂಪಾಯಿ ತೂಕನ ಇಟ್ಕೊಂಡು, 11.66 ಗ್ರಾಂ, ಅದೇ ಬೆಳ್ಳಿ ಶುದ್ಧತೆ, ಮ್ಯಾಲೆ ಮಾತ್ರ ಜರ್ಮನ್ ಚಕ್ರವರ್ತಿ ಕೈಸರ್ ವಿಲ್ಹೆಲ್ಮ್ ಹದ್ದಿನ ಟೊಪ್ಪಿಗಿ ಹಾಕ್ಕೊಂಡು ಕುಂತಾನ. ಒಂದು ರೂಪಿಗೆ 64 ಪೆಸಾ. ನಮ್ಮಲ್ಲಿ ರೂಪಾಯಿಗೆ 64 ಪೈಸಾ ಇತ್ತಲ್ರಿ, ಹಂಗ. 1904ರಾಗ ಅದನ್ನ ಬಿಟ್ಟು 100 ಹೆಲ್ಲರ್ ಮಾಡಿದ್ರು, 15 ರೂಪಿಗೆ 20 ಮಾರ್ಕ್ ಅಂತ ದರ ಕಟ್ಟಿದ್ರು. ಇಲ್ಲಿ ಇಂಡಿಯಾದಾಗೂ ಆವಾಗ 15 ರೂಪಾಯಿಗೆ 1 ಪೌಂಡ್ ಇತ್ತು, ಹಿಂಗಾಗಿ ಎರಡೂ ರೂಪಾಯಿ ಹೆಚ್ಚುಕಮ್ಮಿ ಅಕ್ಕಪಕ್ಕ ನಡದ್ವು.

ನೋಟು ಬಂದಿದ್ದು 1905ರಾಗ. ಆ ನೋಟು ನೀವು ಒಮ್ಮಿ ಫೋಟೊದಾಗರ ನೋಡಬೇಕು. 5 ರೂಪಿಮ್ಯಾಲೆ ಎರಡು ಸಿಂಹ, 10ರ ಮ್ಯಾಲೆ ದಾರ್ ಎಸ್ ಸಲಾಮ್ ಬಂದರು, 50, 100ರ ಮ್ಯಾಲೆ ಕೈಸರ್, 1912ರಾಗ 500ರದ್ದು ಬಂತು. ಜರ್ಮನಿಯೊಳಗ ಅಚ್ಚು ಹಾಕಿಸಿ ಹಡಗಿನಾಗ ತರಸ್ತಿದ್ರು. ಈಗ ನಿಮ್ಮ ನೋಟಿನ ಪಕ್ಕ ಅದನ್ನ ಇಟ್ಟು ನೋಡ್ರಿ. ನಡುವ ಬರೇ 10 ವರ್ಷ.

ಏನಾತಂದ್ರ 1914 ಆಗಸ್ಟಿನಾಗ ಯುದ್ಧ ಶುರುವಾತು, ಬ್ರಿಟಿಷ್ ನೌಕಾಪಡೆ ಸಮುದ್ರ ಮುಚ್ಚಿತು, ಬರ್ಲಿನ್ನಿಂದ ನೋಟು ಇಲ್ಲ ಬೆಳ್ಳಿ ಇಲ್ಲ. ಜನ ಬೆಳ್ಳಿ ರೂಪಾಯಿ ಹೂಳಿಟ್ರು, ಯಾರರ ಹೂಳ್ತಾರ. ಸೈನ್ಯಕ್ಕ ಪಗಾರ ಕೊಡಬೇಕಲ್ರಿ? ಅದಕ್ಕ 1915 ಮಾರ್ಚಿನಿಂದ ಅಲ್ಲೇ ಸಿಕ್ಕ ಕಾಗದ, ಸಿಕ್ಕ ಮಸಿ, ಊರಾಗಿದ್ದ ಪ್ರೆಸ್ಸಿನಾಗ ಅಚ್ಚು ಹಾಕಿದ್ರು. ಇವಕ್ಕ "ಇಂಟರಿಮ್ಸ್ ಬ್ಯಾಂಕ್‌ನೋಟ್" ಅಂತ ಹೆಸರು, ಅಂದ್ರ ಸದ್ಯಕ್ಕ ನಡಸೂ ನೋಟು, ತಾತ್ಪೂರ್ತಿಕ. ನಿಮ್ಮದು ಅದ.

ಮಲೆನಾಡ_ಸಂಗ್ರಹ:
ಸಾರ್ ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಯುದ್ಧದಲ್ಲಿ ಬೆಳ್ಳಿ ಇಲ್ದೆ ಒಂದು ರೂಪಾಯಿ ಕಾಗದ ಮಾಡಿದ್ರು ಅಂದ ತಕ್ಷಣ ನಂಗೆ ನಮ್ಮದೇ 1917ರ ಒಂದು ರೂಪಾಯಿ ನೋಟು ನೆನಪಾಯ್ತು. ಅದೂ ಅದೇ ಯುದ್ಧ, ಅದೇ ಬೆಳ್ಳಿ ಕೊರತೆ, 1917 ನವೆಂಬರ್ 30ಕ್ಕೆ ಬಂದಿದ್ದು, ಆಮೇಲೆ ಎರಡು ರೂಪಾಯಿ ಎಂಟಾಣೆ ನೋಟು ಬೇರೆ. ನನ್ನ ಹತ್ರ 1917ರದ್ದು ಒಂದು ಮಡಚಿ ಹರಿದಿದ್ದು ಇದೆ. ಅಂದ್ರೆ ಶತ್ರುಗಳಿಬ್ರೂ ಒಂದೇ ಯುದ್ಧದಲ್ಲಿ ಒಂದೇ ಕಾರಣಕ್ಕೆ ಒಂದು ರೂಪಾಯಿ ಕಾಗದ ಮಾಡಿದ್ರು. ಇದು ಇವತ್ತಿನವರೆಗೂ ನನ್ನ ತಲೆಗೆ ಬಂದಿರ್ಲಿಲ್ಲ.

ಕಲೆ ವಿಷಯ ಯಾರಾದ್ರೂ ಹೇಳಿ.

ಹೊಸಬ_ತುಮಕೂರು:
ಕಲೆಗೆ ನಾನು ಉಗುರು ಬೆಚ್ಚಗಿನ ನೀರಲ್ಲಿ ಸ್ವಲ್ಪ ಬಟ್ಟೆ ಸೋಪಿನ ಪುಡಿ ಹಾಕಿ ಎರಡು ನಿಮಿಷ ಬಿಟ್ಟು ತೆಗೀತೀನಿ, ಆಮೇಲೆ ಟವಲ್ ಮಧ್ಯೆ ಇಟ್ಟು ಲೈಟಾಗಿ ಇಸ್ತ್ರಿ. ಹೊಸಾದ್ರಂಗೆ ಆಗುತ್ತೆ, ರೇಟೂ ಜಾಸ್ತಿ ಬರುತ್ತೆ.

ಮೈಸೂರು_ಮಿಣುಕು:
ದಯವಿಟ್ಟು ಹಾಗೆ ಮಾಡ್ಬೇಡಿ ಕಣ್ರೀ, ಕೈ ಮುಗಿದು ಕೇಳ್ಕೋತೀನಿ. ಇದು ನಾನೇ ಮಾಡಿ ಕಳ್ಕೊಂಡ ವಿಷಯ ಅದಕ್ಕೆ ಹೇಳ್ತಿದೀನಿ. ಎಂಟು ವರ್ಷದ ಹಿಂದೆ ಇದೇ ಸರಣಿಯ 5 ರೂಪಿ ನೋಟು ನನ್ನ ಹತ್ರ ಇತ್ತು, ಬೆವರು ಧೂಳು ಎಲ್ಲಾ ಸೇರಿ ಕಪ್ಪಾಗಿತ್ತು, ಸೋಪಿನ ಪುಡಿ ನೀರಲ್ಲಿ ತೊಳೆದೆ. ಮೊದಲನೇದು, ಒಂದು ಸಹಿ ಹರಡಿಹೋಯ್ತು. ಕೈಯಲ್ಲಿ ಹಾಕಿದ ಸಹಿ ಅದು, ಆ ಬ್ಯಾಂಕಲ್ಲಿ ಕೂತು ಒಂದೊಂದೇ ನೋಟಿಗೆ ಸಹಿ ಹಾಕಿದ ಮನುಷ್ಯನ ಗುರುತು ಇರೋದು ಅದೊಂದೇ. ಎರಡನೇದು ಇನ್ನೂ ಕೆಟ್ಟದ್ದು. ಬಟ್ಟೆ ಸೋಪಿನ ಪುಡಿಲಿ ಬಿಳುಪು ಹೊಳೆಯೋಕೆ ಅಂತ ಒಂದು ಕೆಮಿಕಲ್ ಹಾಕಿರ್ತಾರೆ, ಅದು ಕಾಗದದ ನಾರಿಗೆ ಹಿಡ್ಕೊಳ್ಳುತ್ತೆ. ಆಮೇಲೆ ಯುವಿ ಲೈಟ್ ಬಿಟ್ರೆ ನೋಟು ನೀಲಿಯಾಗಿ ಹೊಳೆಯುತ್ತೆ. ಈಗಿನ ಕಾಗದದಲ್ಲಿ ಮಾಡಿದ ನಕಲಿ ನೋಟೂ ಹಾಗೇ ಹೊಳೆಯೋದು! ಅಂದ್ರೆ ಅಸಲಿ ನೋಟನ್ನ ನಾನೇ ಕೈಯಾರೆ ನಕಲಿ ಥರ ಮಾಡಿಟ್ಟೆ. ಮಾರೋಕೆ ಹೋದಾಗ ತಗೊಳ್ಳೋರು ಲೈಟ್ ಬಿಟ್ಟು ನೋಡಿ ವಾಪಸ್ ಕೊಟ್ರು, ಅವ್ರ ತಪ್ಪೇನೂ ಇಲ್ಲ.

ಇಸ್ತ್ರಿ ಅಂತೂ ಬೇಡವೇ ಬೇಡ. ಇವು ಲೆಟರ್‌ಪ್ರೆಸ್ಸಲ್ಲಿ ಅಚ್ಚಾದ ನೋಟು, ಅಕ್ಷರದ ಅಚ್ಚುಮೊಳೆ ಒತ್ತಿದ ಗುರುತು ಹಿಂದಗಡೆ ಬೆರಳಿಗೆ ಸಿಗುತ್ತೆ. ಇಸ್ತ್ರಿ ಹಾಕಿದ್ರೆ ಆ ಉಬ್ಬು ಚಪ್ಪಟೆ ಆಗುತ್ತೆ, ಅಸಲಿ ಅನ್ನೋದಕ್ಕೆ ಇದ್ದ ಇನ್ನೊಂದು ಸಾಕ್ಷಿನೂ ಹೋಯ್ತು.

ಮಲೆನಾಡದವರೇ, ಎಣ್ಣೆ ಕಲೆ ಇರ್ಲಿ ಬಿಡಿ. ಅದು ಯಾರೋ ಅಡುಗೆಯವ್ನ ಕೈದೋ ರೈಲ್ವೆ ಕೆಲಸದವ್ನ ಕೈದೋ ಇರ್ಬಹುದು.

ಹೊಸಬ_ತುಮಕೂರು:
ಸಾರ್ ಇದು ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ಈಗಾಗ್ಲೇ ಏಳೆಂಟು ನೋಟು ತೊಳೆದಿದೀನಿ. ಇನ್ಮೇಲೆ ಮಾಡಲ್ಲ. ಕೊಡೋವಾಗ ತೊಳೆದಿದ್ದು ಅಂತ ಹೇಳಿ ಕೊಡ್ತೀನಿ.

ಮೈಸೂರು_ಮಿಣುಕು:
ಹೇಳಿ ಕೊಡ್ತೀನಿ ಅಂದ್ರಲ್ಲ, ಅಷ್ಟು ಸಾಕು. ಖುಷಿಯಾಯ್ತು.

ಕುಡ್ಲ_ಆಲ್ಬಮ್:
ಇಡುವ ವಿಷಯ ನಾನು ಹೇಳ್ತೇನೆ, ನಾವು ಮಂಗಳೂರಿನವರು, ಮಳೆಗಾಲ ಅಂದ್ರೆ ಏನು ಅಂತ ನಮ್ಮ ಆಲ್ಬಮ್‌ಗಳಿಗೆ ಗೊತ್ತುಂಟು. ಪೇಟೆಯಲ್ಲಿ ಸಿಗುವ ಅಗ್ಗದ ಪಿವಿಸಿ ಪಾಕೀಟು ಬೇಡವೇ ಬೇಡ, ಒಂದೆರಡು ವರ್ಷದಲ್ಲಿ ಅದು ಅಂಟು ಅಂಟಾಗಿ ನೋಟಿನ ಮಸಿಯನ್ನೇ ಎಳೆದುಕೊಳ್ತದೆ. ಮೈಲಾರ್ (ಪಾಲಿಯೆಸ್ಟರ್ ಹಾಳೆಯ ಪಾಕೀಟು) ಅಂತ ಕೇಳಿ ತೆಗೆದುಕೊಳ್ಳಿ, ಅದು ಸಿಗದಿದ್ರೆ ಪಾಲಿಪ್ರೊಪಿಲೀನ್‌ನದ್ದು. ಲ್ಯಾಮಿನೇಶನ್ ಮಾಡಿಸಿದ್ರೆ ಆ ನೋಟು ಮುಗೀತು ಅಂತಲೇ. ಸೆಲ್ಲೋಟೇಪ್ ಹಾಕಿದ್ದು ಸಿಕ್ಕಿದ್ರೂ ಎಳೆದು ತೆಗೆಯಲಿಕ್ಕೆ ಹೋಗ್ಬೇಡಿ.

ನುಸಿಗುಳಿಗೆಯನ್ನು ಆಲ್ಬಮ್ ಒಳಗೆ ಹಾಕುವ ಅಭ್ಯಾಸ ತುಂಬ ಜನರಿಗೆ ಉಂಟು, ಅದೂ ಬೇಡ ಮಾರಾಯ್ರೆ. ಸಿಲಿಕಾ ಜೆಲ್ ಪೊಟ್ಟಣ ಕಪಾಟಿನೊಳಗೆ ಇಡಿ, ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಹದಿನೈದು ದಿನಕ್ಕೊಮ್ಮೆ ಬಿಸಿ ಮಾಡಿ ಒಣಗಿಸಿ ವಾಪಸ್ ಇಡಿ. ಗೋಡೆಗೆ ತಾಗಿಸಿ ಕಪಾಟು ಇಡ್ಬೇಡಿ, ನಮ್ಮ ಕಡೆ ಗೋಡೆಯೇ ಬೆವರ್ತದೆ. ಈ ಇಂಟರಿಮ್ ನೋಟಿನಲ್ಲಿ ಕೆಲವು ಸೆಣಬು ಬೆರೆಸಿದ ಕಾಗದ, ತೇವ ಸಿಕ್ಕಿದ್ರೆ ಕಂದು ಚುಕ್ಕೆ ಬೇಗ ಬರ್ತದೆ.

ಮಲೆನಾಡ_ಸಂಗ್ರಹ:
ನಮ್ಮ ತೀರ್ಥಹಳ್ಳಿ ಕಡೆ ಮಳೆನೂ ಕಮ್ಮಿ ಇಲ್ಲ, ಇದು ನಂಗೆ ಬಹಳ ಬೇಕಾದ ಮಾಹಿತಿ. ಈಗ ಪಿವಿಸಿ ಆಲ್ಬಮ್ಮಲ್ಲೇ ಇದೆ. ಇವತ್ತೇ ತೆಗೆದು ಬಿಳಿ ಕಾಗದದ ಲಕೋಟೆಗೆ ಹಾಕಿಡ್ತೀನಿ.

ಇತಿಹಾಸದ_ಮೇಷ್ಟ್ರು:
ತಡವಾಗಿ ಬಂದೆ. ಈ ನೋಟಿಗೂ ಬೆಂಗಳೂರಿಗೂ ಒಂದು ನಂಟಿದೆ, ಇಲ್ಲಿ ಯಾರೂ ಹೇಳಿಲ್ಲ ಅದಕ್ಕೆ ಬರೀತಿದೀನಿ.

1914ರ ನವೆಂಬರ್ ಮೊದಲ ವಾರ ಇಂಡಿಯಾದಿಂದ ಸುಮಾರು 8,000 ಜನರ ಸೈನ್ಯ ಹಡಗಲ್ಲಿ ಬಂದು ಟಾಂಗಾ ಅನ್ನೋ ಬಂದರಿನಲ್ಲಿ ಇಳೀತು, ಅದು ಜರ್ಮನ್ ಪೂರ್ವ ಆಫ್ರಿಕಾದ ಉತ್ತರದ ಬಂದರು. ಆ ಸೈನ್ಯದ ಒಂದು ಮುಖ್ಯ ಭಾಗ 27ನೇ ಬ್ರಿಗೇಡ್, ಅದರ ಹೆಸರೇ ಬೆಂಗಳೂರು ಬ್ರಿಗೇಡ್. ಹೆಸರು ಕೇಳಿ ಅದರಲ್ಲಿ ಎಲ್ಲಾ ಕನ್ನಡಿಗರೇ ಇದ್ರು ಅಂತ ತಿಳ್ಕೋಬಾರ್ದು, ಬೆಂಗಳೂರು ದಂಡಿನ ಹೆಸರು ಅದು. ಅದರಲ್ಲಿದ್ದದ್ದು ಲಾಯಲ್ ನಾರ್ತ್ ಲ್ಯಾಂಕಶೈರ್ ಅನ್ನೋ ಇಂಗ್ಲಿಷ್ ಪಡೆ, 63ನೇ ಪಾಳಯಂಕೋಟೆ ಲೈಟ್ ಇನ್‌ಫೆಂಟ್ರಿ, 98ನೇ ಇನ್‌ಫೆಂಟ್ರಿ, 101ನೇ ಗ್ರೆನೇಡಿಯರ್ಸ್. ಎದುರಿಗೆ ಫಾನ್ ಲೆಟೊವ್ ಫೋರ್ಬೆಕ್ ಅನ್ನೋ ಜರ್ಮನ್ ಅಧಿಕಾರಿ, ಅವನ ಹತ್ರ ಸಾವಿರ ಜನ, ಹೆಚ್ಚಿನವರು ಆಫ್ರಿಕನ್ ಅಸ್ಕಾರಿ ಸಿಪಾಯಿಗಳು. ಹಡಗಿನಲ್ಲಿ ವಾರಗಟ್ಟಲೆ ಕೂತು ಸುಸ್ತಾಗಿ ಬಂದವರನ್ನ ನೇರ ತೋಟದೊಳಗೆ ನುಗ್ಗಿಸಿದ್ರು, ಅಲ್ಲಿ ಜೇನುಗೂಡುಗಳು ಎದ್ದು ಎರಡೂ ಕಡೆಯವರನ್ನ ಅಟ್ಟಾಡಿಸಿದ್ವು, ನವೆಂಬರ್ 5ಕ್ಕೆ ವಾಪಸ್ ಹಡಗು ಹತ್ತಿದ್ರು, ರೈಫಲ್ಲು ಮೆಷಿನ್ ಗನ್ನು ಲಕ್ಷಗಟ್ಟಲೆ ಗುಂಡು ದಡದಲ್ಲೇ ಬಿಟ್ಟು. ಆ ಗುಂಡು ಬಂದೂಕು ಇಟ್ಕೊಂಡೇ ಜರ್ಮನ್ ಪಡೆ ಮುಂದೆ ತುಂಬಾ ದಿನ ಹೋರಾಡ್ತು.

ಟಾಂಗಾದಲ್ಲಿ ಜರ್ಮನಿಯವರು ಸೋತಿದ್ರೆ ಯುದ್ಧ ಬೇಗ ಮುಗೀತಿತ್ತು, ಈ ನೋಟು ಅಚ್ಚಾಗೋ ಪ್ರಸಂಗವೇ ಬರ್ತಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಮುಗೀಲಿಲ್ಲ. ನೋಟಿನ ಮೇಲೆ ಎರಡು ಊರಿನ ಹೆಸರು ಇದೆಯಲ್ಲ, ದಾರ್ ಎಸ್ ಸಲಾಮ್ ಮತ್ತೆ ತಬೋರಾ, ಅದರಲ್ಲೇ ಕಥೆ ಇದೆ. ದಾರ್ ಎಸ್ ಸಲಾಮ್ ಸಮುದ್ರದ ದಡ, ಯುದ್ಧ ಹಡಗಿನ ತೋಪಿಗೆ ಸಿಗುತ್ತೆ, ಅದಕ್ಕೆ ಸರ್ಕಾರ ರೈಲು ಹಿಡಿದು ಒಳನಾಡಿನ ತಬೋರಾಗೆ ಹೋಯ್ತು. 1916ರ ಸೆಪ್ಟೆಂಬರಲ್ಲಿ ಎರಡೂ ಊರು ಕೈತಪ್ಪಿದ್ವು, ದಾರ್ ಬ್ರಿಟಿಷರಿಗೆ, ತಬೋರಾ ಕಾಂಗೋ ಕಡೆಯಿಂದ ಬಂದ ಬೆಲ್ಜಿಯಂ ಸೈನ್ಯಕ್ಕೆ.

ಮೈಸೂರು_ಮಿಣುಕು:
ಮೇಷ್ಟ್ರೇ ತಬೋರಾ ಅಂದ್ರಲ್ಲ, ಅಲ್ಲಿನ ರೈಲ್ವೆ ವರ್ಕ್‌ಶಾಪಲ್ಲಿ 1916ರಲ್ಲಿ ನಾಣ್ಯನೂ ಹೊಡೆದ್ರು. 5 ಮತ್ತೆ 20 ಹೆಲ್ಲರ್ ಹಿತ್ತಾಳೆ ತಾಮ್ರದ್ದು, ಒರಟು ಅಂದ್ರೆ ಒರಟು. ಅದರ ಜೊತೆ 15 ರೂಪಿ ಚಿನ್ನದ್ದು, ಸೆಕೆಂಕೆ ಗಣಿ ಚಿನ್ನ, ಬೆಟ್ಟದ ಮುಂದೆ ಸೊಂಡಿಲೆತ್ತಿ ನಿಂತ ಆನೆಯ ಚಿತ್ರ. ಒಟ್ಟು 16,198 ಹೊಡೆದಿದ್ದು. ಅದು ನಮ್ಮಂಥವರ ಕೈಗೆ ಎಟುಕೋದಲ್ಲ ಬಿಡಿ, ಹರಾಜಿನ ಫೋಟೊ ನೋಡಿದ್ರೂ ಸಂತೋಷ ಆಗುತ್ತೆ.

ನಾನು ಕೂಡಿಸೋದು ಬರೀ ಇಂಟರಿಮ್ ನೋಟು. 1, 5, 10, 20, 50, 200 ರೂಪಿ ಬಂದಿವೆ. ಅದರಲ್ಲಿ ಒಂದು ರೂಪಿದೇ ಒಂದು ಲೋಕ. 1915 ಸೆಪ್ಟೆಂಬರ್, ನವೆಂಬರ್, ಡಿಸೆಂಬರ್, 1916 ಫೆಬ್ರವರಿ ಹೀಗೆ ಬೇರೆ ಬೇರೆ ತಾರೀಖು, ಪ್ರತಿ ತಾರೀಖಲ್ಲಿ ಕಾಗದದ ಬಣ್ಣ ಬೇರೆ, ಸರಣಿ ಅಕ್ಷರ ಬೇರೆ, ಸಹಿ ಬೇರೆ, ಎಲ್ಲೋ ಒಂದು ಮೊಳೆ ಸವೆದು ಅಕ್ಷರ ಮುರಿದಿರುತ್ತೆ. ಪಿಕ್ ಕ್ಯಾಟಲಾಗಲ್ಲಿ ಒಂದು ನಂಬರ್ ಕೊಟ್ಟಿದ್ರೆ ಜರ್ಮನಿಯ ರೋಸೆನ್‌ಬರ್ಗ್ ಕ್ಯಾಟಲಾಗಲ್ಲಿ ಅದನ್ನೇ ಇನ್ನೂ ಬಿಡಿಸಿ ಹಾಕಿರ್ತಾರೆ.

ಎಲ್ಲಕ್ಕಿಂತ ನಂಗೆ ಮನಸ್ಸಿಗೆ ನಾಟಿರೋದು 1917 ಜುಲೈ 1ರ ನೋಟು. ಇವಕ್ಕೆ "ಬುಷ್‌ನೋಟೆನ್" ಅಂತಾರೆ, ಕಾಡು ನೋಟು. ಆ ಹೊತ್ತಿಗೆ ಊರೂ ಇಲ್ಲ ಪ್ರೆಸ್ಸೂ ಇಲ್ಲ, ಲೆಟೊವ್ ಪಡೆ ದಕ್ಷಿಣದ ಪೊದೆಕಾಡಲ್ಲಿ ಓಡಾಡ್ಕೊಂಡಿತ್ತು. ಮಕ್ಕಳು ಆಟಕ್ಕೆ ಇಟ್ಕೊಳ್ಳೋ ರಬ್ಬರ್ ಅಕ್ಷರದ ಅಚ್ಚಿನ ಸೆಟ್ಟಲ್ಲಿ ಒತ್ತಿದ್ದು ಅಂತ ಸಂಗ್ರಹಕಾರರೆಲ್ಲ ಹೇಳೋದು, ನೋಡಿದ್ರೆ ಹಾಗೇ ಕಾಣುತ್ತೆ, ಸಾಲು ಡೊಂಕು, ಅಕ್ಷರ ಮೇಲೆ ಕೆಳಗೆ. ಅದೇ ವರ್ಷ ನವೆಂಬರಲ್ಲಿ ರೊವುಮಾ ನದಿ ದಾಟಿ ಪೋರ್ಚುಗೀಸರ ಮೊಜಾಂಬಿಕ್‌ಗೆ ಹೋದ್ರು, 1918 ನವೆಂಬರ್ 25ಕ್ಕೆ ಈಗಿನ ಜಾಂಬಿಯಾದ ಅಬರ್‌ಕಾರ್ನಲ್ಲಿ ಶರಣಾದ್ರು, ಯೂರೋಪಲ್ಲಿ ಯುದ್ಧ ನಿಂತು ಎರಡು ವಾರ ಆದ್ಮೇಲೆ.

ದಾರ್_ನಿವಾಸಿ_ಕನ್ನಡಿಗ:
ಎಲ್ಲರಿಗೂ ನಮಸ್ಕಾರ, ದಾರ್ ಎಸ್ ಸಲಾಮ್‌ನಿಂದ ಬರೀತಿದೀನಿ, ಕೆಲಸದ ಮೇಲೆ ಬಂದು ಆರು ವರ್ಷ ಆಯ್ತು, ಮೂಲ ಹಾಸನ. ನಮ್ಮ ಊರಿನ ಜನ ಈ ಊರಿನ ನೋಟಿನ ಬಗ್ಗೆ ಇಷ್ಟು ಪ್ರೀತಿಯಿಂದ ಮಾತಾಡೋದು ನೋಡಿ ಸುಮ್ನೆ ಇರೋಕಾಗ್ಲಿಲ್ಲ.

ಇಲ್ಲಿ ಒಂದು ಮಾತು ದಿನಾ ಕೇಳ್ತೀನಿ. ಸ್ವಾಹಿಲಿಯಲ್ಲಿ ದುಡ್ಡಿಗೆ ಎರಡು ಪದ ಬಳಸ್ತಾರೆ, "ಪೆಸಾ" ಮತ್ತೆ "ಹೆಲಾ". ಪೆಸಾ ಅಂದ್ರೆ ನಮ್ಮ ಪೈಸಾನೇ. ಹೆಲಾ ಅಂದ್ರೆ ಮೇಲೆ ಹುಬ್ಬಳ್ಳಿಯವ್ರು ಹೇಳಿದ ಜರ್ಮನ್ ಹೆಲ್ಲರ್. ಜರ್ಮನಿ ಹೋಗಿ ನೂರು ವರ್ಷದ ಮೇಲಾಯ್ತು, ತರಕಾರಿ ಮಾರೋ ಅಮ್ಮ "ಹೆಲಾ ಇಲ್ಲ" ಅಂತಲೇ ಹೇಳ್ತಾರೆ. ನೋಟು ಸತ್ತು ಹೋಯ್ತು, ಚಿಲ್ಲರೆ ಮಾತ್ರ ಜನರ ಬಾಯಲ್ಲಿ ಉಳೀತು.

ಇಲ್ಲಿನ ದೊಡ್ಡ ಮಾರ್ಕೆಟ್ ಹೆಸರು ಕರಿಯಾಕೂ. ಅದು ಏನು ಅಂತ ಮೊದಲು ತಿಳೀದೆ ಓಡಾಡ್ತಿದ್ದೆ. ಯುದ್ಧ ಕಾಲದಲ್ಲಿ ಬ್ರಿಟಿಷರ ಹೊರೆ ಹೊರೋ ಪಡೆ ಇತ್ತಲ್ಲ, ಕ್ಯಾರಿಯರ್ ಕೋರ್, ಅವರ ಬೀಡು ಇದ್ದ ಜಾಗ. ಕ್ಯಾರಿಯರ್ ಕೋರ್ ಅನ್ನೋದೇ ಜನರ ಬಾಯಲ್ಲಿ ಕರಿಯಾಕೂ ಆಯ್ತು.

ಇತಿಹಾಸದ_ಮೇಷ್ಟ್ರು:
ದಾರ್‌ನವರೇ, ಹೆಲಾ ವಿಷಯ ಓದಿ ರೋಮಾಂಚನ ಆಯ್ತು. ನಮ್ಮಲ್ಲೂ ಹಾಗೇ ಅಲ್ವಾ. ಈಗ ನಾವು ಹಣ, ದುಡ್ಡು, ಕಾಸು ಅಂತ ಎಲ್ಲದಕ್ಕೂ ಒಂದೇ ಅರ್ಥದಲ್ಲಿ ಹೇಳ್ತೀವಿ, ಒಂದು ಕಾಲಕ್ಕೆ ಮೂರೂ ಬೇರೆ ಬೇರೆ ನಾಣ್ಯ. ಹಣ ಅಂದ್ರೆ ಬೆರಳ ತುದಿಗೆ ಅಂಟೋ ಅಷ್ಟು ಪುಟ್ಟ ಚಿನ್ನದ್ದು, ದುಡ್ಡು ಕಾಸು ತಾಮ್ರದ್ದು. ನಾಣ್ಯ ಚಲಾವಣೆ ನಿಂತ ಮೇಲೂ ಹೆಸರು ಚಲಾವಣೆಯಲ್ಲಿದೆ.

ಕಾವ್ಯ_ಓದುಗಿ:
ನಾನು ಸಂಗ್ರಹಕಾರ್ತಿ ಅಲ್ಲ, ನಮ್ಮಣ್ಣ ಈ ಚರ್ಚೆ ಕಳಿಸಿದ್ರು ಅಂತ ಓದ್ದೆ. ಒಂದು ಪ್ರಶ್ನೆ ಇದೆ, ಬೇಜಾರು ಮಾಡ್ಕೋಬೇಡಿ. ಇದು ಆಳಿದವರು ಮಾಡಿದ ದುಡ್ಡು. ಕೈಸರ್ ಚಿತ್ರ, ಬಂದರು, ಸಿಂಹ ಎಲ್ಲಾ ಚೆನ್ನಾಗಿದೆ ಅಂತೀರಿ. ಅಲ್ಲಿನ ಜನ ಈ ನೋಟಿನಿಂದ ಏನು ಅನುಭವಿಸಿದ್ರು ಅಂತ ಯಾರೂ ಬರೀಲಿಲ್ಲ. ಇದನ್ನ ಆಲ್ಬಮ್ಮಲ್ಲಿ ಇಟ್ಕೊಳ್ಳೋದು ಹೇಗೆ ಅನ್ಸುತ್ತೆ ನಿಮಗೆ?

ಹುಬ್ಬಳ್ಳಿ_ನೋಟು:
ತಂಗಿ, ಬೇಜಾರು ಯಾಕ ಮಾಡ್ಕೊಳ್ಳೂದು, ಸರಿಯಾದ ಪ್ರಶ್ನೆ ಕೇಳಿದಿ. ನಾನ ಮೊದ್ಲ ಬರೀಬೇಕಿತ್ತು.

ಅಲ್ಲಿ ಜನಕ್ಕ ರೂಪಾಯಿ ಬೇಕಾಗಿದ್ದು ವ್ಯಾಪಾರಕ್ಕಷ್ಟ ಅಲ್ಲ. ಜರ್ಮನ್ ಸರ್ಕಾರ ಗುಡಿಸಲಿಗೊಂದು ತೆರಿಗಿ ಹಾಕ್ತು, ಅದನ್ನ ರೂಪಿಯೊಳಗ ಕಟ್ಟಬೇಕು, ರೂಪಿ ಬೇಕಂದ್ರ ಅವರ ತೋಟಕ್ಕ ಕೂಲಿಗೆ ಹೋಗಬೇಕು. ಅದರ ಮ್ಯಾಲೆ ಬಲವಂತಕ್ಕ ಹತ್ತಿ ಬೆಳೀಬೇಕು. ಎರಡು ಸಿಂಹದ ಆ ಚೆಂದನ್ನ 5 ರೂಪಿ ನೋಟಿನ ಮ್ಯಾಲೆ ತಾರೀಖು 15 ಜೂನ್ 1905 ಅಂತೈತಿ. ಮುಂದಿನ ತಿಂಗಳ, 1905 ಜುಲೈದಾಗ, ಮಾಜಿ ಮಾಜಿ ದಂಗೆ ಎದ್ದಿತು. ಗಿಡ ಕಿತ್ತು ಒಗದ ಹತ್ತಿ ಹೊಲದಿಂದನ ಶುರುವಾತು. 1907ರ ತನಕ ನಡದು, ಜರ್ಮನ್ ಪಡೆ ಹೊಲಾ ಕಣಜ ಎಲ್ಲಾ ಸುಟ್ಟು ಹಸಿವಿನಿಂದ ಜನಾನ ಕೊಂದ್ರು. 75,000ದಿಂದ 3 ಲಕ್ಷದ ತನಕ ಅಂದಾಜು ಹೇಳ್ತಾರ.

ನಿಮ್ಮ ಈ ಒಂದು ರೂಪಿ ನೋಟಿನ ಮ್ಯಾಲೆ ಏನು ಬರದೈತಿ ಗೊತ್ತೇನ್ರಿ ಮಲೆನಾಡದವರ? ರಕ್ಷಿತ ಪ್ರದೇಶದಾಗಿರೂ ತನ್ನ ಕಚೇರಿಯೊಳಗ ಬ್ಯಾಂಕು ಈ ನೋಟು ತಂದುಕೊಟ್ಟವರಿಗೆ ಗುರುತು ವಿಚಾರಸದ ಒಂದು ರೂಪಿ ಕೊಡ್ತೈತಿ ಅಂತ. "ರಕ್ಷಿತ ಪ್ರದೇಶ" ಅಂದ್ರ ಅವರ ಭಾಷಾದಾಗ ವಸಾಹತು. ಕೊನಿಗೆ ಕಚೇರಿನೂ ಉಳೀಲಿಲ್ಲ, ಬ್ಯಾಂಕೂ ಉಳೀಲಿಲ್ಲ. ನೋಟು ಮಾತ್ರ ಜನರ ಕೈಯಾಗ ಉಳೀತು. ಪಗಾರದ ಬದ್ಲಿ ಅಸ್ಕಾರಿಗಳು ತಗೊಂಡಿದ್ದು, ದವಸ ಕೊಟ್ಟು ರೈತರು ತಗೊಂಡಿದ್ದು. ನಾ ಇದನ್ನ ಇಟ್ಕೊಂಡಿದ್ದು ಆ ಕಾರಣಕ್ಕನ. ಕೈಸರ್ ನೋಟು ಒಂದೂ ಇಲ್ಲ ನನ್ನ ಹತ್ತಿರ, ಬೇಕು ಅಂತನೂ ಅನಿಸಿಲ್ಲ. ಈ ಒರಟು ಕಾಗದ ಮುಟ್ಟಿದ್ರ ಯಾರ ಕೈಯಾಗ ಇತ್ತು ಅನ್ನೂದು ನೆನಪಾಗ್ತೈತಿ.

ಇತಿಹಾಸದ_ಮೇಷ್ಟ್ರು:
ಹೊರೆಯಾಳುಗಳ ವಿಷಯ ಸೇರಿಸ್ತೀನಿ. ಆ ಯುದ್ಧದಲ್ಲಿ ಲಾರಿ ಹೋಗೋ ದಾರಿ ಇರಲಿಲ್ಲ, ಕುದುರೆ ಎತ್ತು ಸೆಟ್ಸೆ ನೊಣದ ಕಾಯಿಲೆಗೆ ಸಾಯ್ತಿದ್ವು, ಹಾಗಾಗಿ ಅಕ್ಕಿ, ಗುಂಡು, ಔಷಧಿ ಎಲ್ಲಾ ಮನುಷ್ಯರ ತಲೆ ಮೇಲೆ. ಬ್ರಿಟಿಷರ ಕಡೆ ಒಂದರಲ್ಲೇ ಲಕ್ಷದ ಹತ್ತಿರ ಹೊರೆಯಾಳುಗಳು ಸತ್ತರು, ಗುಂಡಿಗಿಂತ ಭೇದಿ ಜ್ವರ ಹಸಿವಿಗೆ ಸತ್ತವರೇ ಹೆಚ್ಚು. ಕರಿಯಾಕೂ ಮಾರ್ಕೆಟ್ ಅಂತ ದಾರ್‌ನವರು ಹೇಳಿದ್ರಲ್ಲ, ಆ ಹೆಸರು ಅವರದ್ದೇ.

ಕಾವ್ಯ_ಓದುಗಿ:
ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಇಬ್ಬರಿಗೂ ಧನ್ಯವಾದ. ಇದನ್ನ ನೋಟಿನ ಜೊತೆಗೇ ಬರೆದಿಡಬೇಕು ಅಂತ ನನ್ನ ವಿನಂತಿ, ಇಲ್ಲಾಂದ್ರೆ ನಿಮ್ಮ ಮಕ್ಕಳ ಕಾಲಕ್ಕೆ ಅದು ಬರೀ ಹಳೇ ಕಾಗದ ಆಗುತ್ತೆ.

ಕಾರವಾರ_ಕಡಲು:
ನಮ್ಮ ಅಜ್ಜಿಯ ಅಣ್ಣ ಮೊಂಬಾಸಾದಲ್ಲಿ ಗುಮಾಸ್ತರಾಗಿದ್ದರು, ಅವರ ಪೆಟ್ಟಿಗೆಯಿಂದ ನನಗೆ ಬಂದದ್ದು ಬ್ರಿಟಿಷ್ ಕಡೆಯ ನೋಟು, ಈಸ್ಟ್ ಆಫ್ರಿಕನ್ ಕರೆನ್ಸಿ ಬೋರ್ಡ್‌ನ 5 ಶಿಲಿಂಗ್. ಅದರ ಮೇಲೆ ಇಂಗ್ಲಿಷ್ ಜೊತೆ ಅರಬಿ ಲಿಪಿ ಉಂಟು, ಗುಜರಾತಿ ಲಿಪಿಯೂ ಉಂಟು! ಸಣ್ಣವಳಿದ್ದಾಗ ಇದು ಇಂಡಿಯಾದ್ದೇ ಅಂತ ಹಟ ಮಾಡ್ತಿದ್ದೆ.

ಅಲ್ಲಿಯೂ 1920ರವರೆಗೆ ರೂಪಾಯಿಯೇ. ಯುದ್ಧದ ನಂತರ ಬೆಳ್ಳಿ ಬೆಲೆ ಏರಿ ರೂಪಾಯಿ 1 ಶಿಲಿಂಗ್ 4 ಪೆನ್ಸ್‌ನಿಂದ 2 ಶಿಲಿಂಗ್ ದಾಟಿತು, ಸಾಲ ಮಾಡಿದ್ದ ಬಿಳಿ ಜಮೀನ್ದಾರರಿಗೆ ಸಾಲ ಭಾರ ಆಯ್ತು, ಗಲಾಟೆ ಆಯ್ತು, ಮೊದಲು ಫ್ಲೋರಿನ್ ಅಂತ ಮಾಡಿದರು, 1921ಕ್ಕೆ ಶಿಲಿಂಗ್. ಒಂದೆರಡು ವರ್ಷದಲ್ಲಿ ಮೂರು ಹೆಸರು. ಶುರು ಮಾಡುವವರಿಗೆ ನಾನು ಹೇಳುವುದು ಈ ಬೋರ್ಡ್ ನೋಟುಗಳನ್ನು, ರಾಣಿ ಎಲಿಜಬೆತ್ ಇದ್ದದ್ದು, ಆಮೇಲೆ 1964ರಲ್ಲಿ ರಾಣಿಯನ್ನು ತೆಗೆದು ಸರೋವರದಲ್ಲಿ ಹಾಯಿದೋಣಿ ಹಾಕಿದ್ದು. ಅದು ಇನ್ನೂ ಕೈಗೆಟುಕುವ ಬೆಲೆಗೆ ಸಿಗ್ತದೆ. 1966ರಲ್ಲಿ ತಾಂಜಾನಿಯಾ, ಉಗಾಂಡಾ, ಕೀನ್ಯಾ ಮೂರೂ ತಮ್ಮ ತಮ್ಮ ನೋಟು ತಂದವು, ಬೋರ್ಡ್‌ದು ಮುಗೀತು.

ಮಲೆನಾಡ_ಸಂಗ್ರಹ:
ಎರಡು ವಾರ ಆಯ್ತು, ಅಪ್ಡೇಟ್ ಕೊಡ್ತೀನಿ. ಯುವಿ ಟಾರ್ಚ್ ತರಿಸ್ದೆ. ರಾತ್ರಿ ಲೈಟ್ ಆರಿಸಿ ನೋಟಿನ ಮೇಲೆ ಬಿಟ್ಟೆ, ಪಕ್ಕದಲ್ಲಿ ಝೆರಾಕ್ಸ್ ಹಾಳೆ ಇಟ್ಟಿದ್ದೆ. ಹಾಳೆ ನೀಲಿಯಾಗಿ ಉರಿದಂಗೆ ಹೊಳೀತು, ನೋಟು ಮಂಕಾಗಿ ಕಪ್ಪಗೇ ಇತ್ತು. ಹಿಂದೆ ಬೆರಳಾಡಿಸಿದ್ರೆ "ರೂಪೀ" ಅನ್ನೋ ದೊಡ್ಡ ಅಕ್ಷರದ ಉಬ್ಬು ಸಿಗುತ್ತೆ. ಭೂತಗನ್ನಡಿಲಿ ನೋಡ್ದೆ, ಮಸಿ ಅಕ್ಷರದ ಅಂಚಲ್ಲಿ ದಪ್ಪಗೆ ಕೂತಿದೆ, ಪ್ರಿಂಟರ್ ಚುಕ್ಕೆ ಎಲ್ಲೂ ಇಲ್ಲ. ಸಹಿ ಹಾಕುವಾಗ ನಿಬ್ಬು ಕಾಗದಕ್ಕೆ ಸಿಕ್ಕಿ ಒಂದು ಕಡೆ ನಾರು ಎದ್ದಿದೆ. ಅದನ್ನ ನೋಡಿದಾಗ ಕಣ್ಣಲ್ಲಿ ನೀರು ಬಂತು ಅಂದ್ರೆ ನಂಬ್ತೀರೋ ಇಲ್ವೋ.

ಇನ್ನೊಂದು ಕೇಳ್ಬೇಕು. ಜರ್ಮನಿಯ ಒಬ್ಬ ಮಾರಾಟಗಾರನ ಹತ್ರ 1916 ಫೆಬ್ರವರಿದು ಇದೆ. ಕಸ್ಟಮ್ಸ್ ಕಮ್ಮಿ ಆಗೋಕೆ ಗಿಫ್ಟ್ ಅಂತ ಬರೆದು ಕಳಿಸ್ಲಾ ಅಂತ ಅವ್ನೇ ಕೇಳ್ತಿದಾನೆ.

ಮೈಸೂರು_ಮಿಣುಕು:
ಬೇಡ. ಕೊಟ್ಟ ಬೆಲೆನೇ ಬರೆಸಿ, ಬಂದಷ್ಟು ಡ್ಯೂಟಿ ಕಟ್ಟಿ. ಕವರ್ ತಡೆದು ನಿಲ್ಸಿದ್ರೆ ಸುಳ್ಳು ಬರೆದಿದ್ದಕ್ಕೆ ನಿಮಗೆ ಉತ್ತರ ಕೊಡೋಕಾಗಲ್ಲ, ಕಳೆದುಹೋದ್ರೆ ಇನ್ಶೂರೆನ್ಸೂ ಸಿಗಲ್ಲ. ಇನ್ನೊಂದು, ರಸೀದಿ ಇಟ್ಕೊಳ್ಳಿ, ಮೇಳದಲ್ಲಿ ತಗೊಂಡಿದ್ದಕ್ಕೂ. ನಮ್ಮ ದೇಶದಲ್ಲಿ ನೂರು ವರ್ಷ ದಾಟಿದ ನಾಣ್ಯ ಗೀಣ್ಯ ಪುರಾತನ ವಸ್ತು ಕಾಯ್ದೆ ಅಡಿಗೆ ಬರುತ್ತೆ, 1972ರ ಕಾಯ್ದೆ, ಹೊರಗೆ ಮಾರಿ ಕಳಿಸೋಕೆ ಹೋಗ್ಬೇಡಿ.

ಮತ್ತೆ ಎಲ್ಲಾ ತಾರೀಖು ಒಟ್ಟಿಗೆ ತಗೋಬೇಡಿ. ಒಂದು ಬಂದ್ಮೇಲೆ ಅದನ್ನ ಎರಡು ಮೂರು ತಿಂಗಳು ನೋಡಿ. ನಾನು ಶುರುನಲ್ಲಿ ಒಂದೇ ವರ್ಷಕ್ಕೆ 14 ತಗೊಂಡೆ, ಯಾವುದನ್ನೂ ಸರಿಯಾಗಿ ನೋಡಿರ್ಲಿಲ್ಲ.

ದಾರ್_ನಿವಾಸಿ_ಕನ್ನಡಿಗ:
ನಿನ್ನೆ ಕರಿಯಾಕೂಗೆ ಹೋಗಿದ್ದೆ. ಹಳೇ ನಾಣ್ಯ ಮಾರೋ ಒಬ್ಬ ವಯಸ್ಸಾದವ್ರು ಕೂರ್ತಾರೆ, ಮೊಬೈಲಲ್ಲಿ ನಿಮ್ಮ ನೋಟಿನ ಥರದ ಚಿತ್ರ ತೋರಿಸ್ದೆ. ಕಾಗದ ಇಲ್ಲ, ಮಳೆ ಗೆದ್ದಲು ಬಿಡುತ್ತಾ ಅಂದ್ರು. ಒಂದು ಡಬ್ಬಿ ತೆಗೆದು ತೋರಿಸಿದ್ರು, ಹೆಲ್ಲರ್ ಇದ್ವು, ನಡುವೆ ತೂತು ಇರೋದು, ಅದರ ಜೊತೆ ಎರಡು ಐದನೇ ಜಾರ್ಜ್ ರೂಪಾಯಿ, ನಮ್ಮದು. ಎರಡನ್ನೂ ಒಂದೇ ಡಬ್ಬಿಲಿ ಇಟ್ಟಿದ್ದಾರೆ, ಬೇರೆ ಮಾಡಿಲ್ಲ. ಯಾಕೆ ಅಂದ್ರೆ ಅದೂ ಇಲ್ಲಿದ್ದೇ ಅಂದ್ರು.

ಮಲೆನಾಡ_ಸಂಗ್ರಹ:
ಸಾರ್ ಅದನ್ನ ಓದಿ ನಾನೂ ತೀರ್ಮಾನ ಮಾಡ್ದೆ. ನನ್ನ 1917ರ ಹರಿದ ಒಂದು ರೂಪಾಯಿನೂ ಈ 1915ರ ಒಂದು ರೂಪಿನೂ ಒಂದೇ ಪುಟದಲ್ಲಿ ಇಡ್ತೀನಿ, ಬೇರೆ ದೇಶ ಅಂತ ಬೇರೆ ಆಲ್ಬಮ್ ಬೇಡ. ಕೆಳಗೆ ಒಂದು ಕಾರ್ಡ್ ಇಟ್ಟು ಹುಬ್ಬಳ್ಳಿಯವ್ರು ಬರೆದಿದ್ದು, ಹೊರೆಯಾಳುಗಳ ವಿಷಯ ಎಲ್ಲಾ ಪೆನ್ಸಿಲಲ್ಲಿ ಬರೀತಿದೀನಿ, ಕಾವ್ಯ ಅವ್ರು ಹೇಳಿದ್ದಕ್ಕೆ. ಕುಡ್ಲದವರೇ, ಇಲ್ಲಿ ಶಿವಮೊಗ್ಗದಲ್ಲಿ ಮೈಲಾರ್ ಎಲ್ಲೂ ಸಿಗ್ತಿಲ್ಲ, ನಿಮ್ಮ ಹತ್ರ ಎರಡು ಇದ್ರೆ ಕಳಿಸ್ತೀರಾ? ದುಡ್ಡು ಕಳಿಸ್ತೀನಿ.

ಕುಡ್ಲ_ಆಲ್ಬಮ್:
ಎರಡು ಪಾಕೀಟಿಗೆ ದುಡ್ಡು ಎಂತ ಮಾರಾಯ್ರೆ, ಹಾಗೇ ಕಳಿಸ್ತೇನೆ. ನೋಟಿನ ಅಳತೆ ಮಿಲಿಮೀಟರ್‌ನಲ್ಲಿ ಹೇಳಿ, ಸ್ಕೇಲನ್ನು ನೋಟಿನ ಮೇಲೆ ಇಡ್ಬೇಡಿ, ಪಕ್ಕದಲ್ಲಿ ಇಟ್ಟು ನೋಡಿ.